ಘಟ್ಟ ಹತ್ತುವ ಗೂಡ್ಸ್ ಗಾಡಿ: ನಿಧಾನ ಹೋದರೆ ಸಾಕಾ?

ಟೆಸ್ಟಿನಲ್ಲಿ ನಾನು ಸೊನ್ನೆ ತಗೊಂಡ ಪ್ರಶ್ನೆ ಇದು. ಸಕಲೇಶಪುರ ಘಟ್ಟ ಹತ್ತುವ ಗೂಡ್ಸ್ ಗಾಡಿಗೆ ಜಾಸ್ತಿ ಇಂಜಿನ್ ಯಾಕೆ ಬೇಕು? ಶಿರಾಡಿಯಲ್ಲಿ ಲಾರಿಗಳು ಫಸ್ಟ್ ಗೇರಲ್ಲಿ ತೆವಳೋದನ್ನು ನೋಡುತ್ತಾ ಬೆಳೆದವನು ನಾನು. 'ನಿಧಾನ ಹೋದರೆ ಒಂದೇ ಸಾಕು' ಅಂತ ಬರೆದಿದ್ದೆ.

ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಸುಮಾರು 55 ಕಿ.ಮೀ. ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ನಡೆದು ಹೋದರೆ ಏರು ಅಂತ ಗೊತ್ತೂ ಆಗಲ್ಲ. ಆದರೆ ಮಂಗಳೂರು ಬಂದರಿನಿಂದ ಕಲ್ಲಿದ್ದಲು ಹೊತ್ತು ಬರುವ ಗಾಡಿಯನ್ನು ಕೇಳಿ ನೋಡಿ!

ಲೆಕ್ಕಕ್ಕೆ 3,000 ಟನ್ ವ್ಯಾಗನ್‌ಗಳು ಅಂತ ಇಟ್ಟುಕೊಳ್ಳೋಣ. ಸಮತಟ್ಟಿನಲ್ಲಿ ಟನ್ನಿಗೆ ಸುಮಾರು 2 ಕೆ.ಜಿ. ಎಳೆತ ಸಾಕು, ಒಟ್ಟು 6 ಟನ್. ಏರಿನಲ್ಲಿ ಇದರ ಜೊತೆಗೆ ಭಾರದ ಐವತ್ತನೇ ಒಂದು ಪಾಲು ಬೇಕು, ಅದು 60 ಟನ್. ಒಟ್ಟು 66. ಹನ್ನೊಂದು ಪಟ್ಟು!

ನಾನು ಎಡವಿದ್ದು ಇಲ್ಲೇ. ವೇಗ ಅರ್ಧ ಮಾಡಿದರೆ ಬೇಕಾದ ಹಾರ್ಸ್‌ಪವರ್ ಅರ್ಧ ಆಗುತ್ತೆ, ನಿಜ. ಆದರೆ ಎಳೆತ? ಅದು 66 ಟನ್ನೇ. ಆಮೆ ಥರ ಹೋದರೂ ಹೆಚ್ಚುಕಮ್ಮಿ ಅಷ್ಟೇ ಬೇಕು. ಆ ಎಳೆತ ಹುಟ್ಟೋದು ಕಬ್ಬಿಣದ ಹಳಿಯನ್ನು ಕಬ್ಬಿಣದ ಚಕ್ರ ಹಿಡಿಯುವ ಹಿಡಿತದಿಂದ. ಲಾರಿಯ ರಬ್ಬರ್ ಟೈರಿಗೆ ಇರುವ ಹಿಡಿತ ಇಲ್ಲಿಲ್ಲ.

ಗೂಡ್ಸ್ ಎಳೆಯುವ ಡಬ್ಲ್ಯುಡಿಜಿ-4 ಡೀಸೆಲ್ ಇಂಜಿನ್ ತೂಕ ಸುಮಾರು 126 ಟನ್. ಒಣ ಹಳಿಯಲ್ಲಿ ಹಿಡಿತ 0.3, ಅಂದರೆ ಇಂಜಿನ್ ತೂಕದ ಹತ್ತರಲ್ಲಿ ಮೂರು ಪಾಲು ಅಂದುಕೊಂಡರೆ ಒಂದಕ್ಕೆ 38 ಟನ್ ಎಳೆತ, ಎರಡಕ್ಕೆ 76. ಇಂಜಿನ್‌ಗಳ ಸ್ವಂತ ಭಾರ ಹತ್ತಿಸೋಕೆ 5 ಟನ್ ಕಳೆಯಿರಿ. ಉಳಿದದ್ದು 71, ಗಾಡಿ ಹತ್ತುತ್ತೆ. ಈಗ ಜುಲೈ ಮಳೆ ಬರಲಿ. ಹಿಡಿತ 0.2ಕ್ಕೆ ಇಳಿದರೆ ಎರಡೂ ಸೇರಿ ಸುಮಾರು 50 ಟನ್ ಅಷ್ಟೇ. ಚಕ್ರ ಗರಗರ ಸುತ್ತುತ್ತೆ, ಗಾಡಿ ಅಲ್ಲೇ. ಚಕ್ರದ ಮುಂದೆ ಹಳಿ ಮೇಲೆ ಮರಳು ಸುರಿಸುವ ಪೈಪ್ ಇಂಜಿನ್‌ಗೆ ಇರೋದು ಇದಕ್ಕೇ. ಸುಮ್ನೆ ಅಲಂಕಾರಕ್ಕಲ್ಲ.

ಈ ಮಳೆಯಲ್ಲೇ ಮೂರನೇ ಇಂಜಿನ್ ಸೇರಿಸಿದರೆ ಎಳೆತ ಸುಮಾರು 76. ಮೂರರ ಭಾರವೂ ಸೇರಿ ಬೇಕಾದ್ದು ಸುಮಾರು 74. ಕೂದಲೆಳೆಯ ಅಂತರ, ಅಲ್ವಾ? ಹೆಚ್ಚುವರಿ ಇಂಜಿನ್‌ಗಳನ್ನು ಹಿಂದೆ ಕಟ್ಟಿದರೆ ಅವಕ್ಕೆ ಬ್ಯಾಂಕರ್ ಅನ್ನುತ್ತಾರೆ. ಎಲ್ಲಾ ಮುಂದೆಯೇ ಕಟ್ಟಿದರೆ ಇಡೀ ಎಳೆತ ಮೊದಲ ವ್ಯಾಗನ್ನಿನ ಕಪ್ಲಿಂಗ್ ಮೇಲೆ ಬೀಳುತ್ತೆ. ಹಿಂದಿನಿಂದ ತಳ್ಳಿದರೆ ಆ ಕೊಂಡಿಗೆ ಅಷ್ಟು ಭಾರ ತಪ್ಪುತ್ತೆ. ಸಕಲೇಶಪುರ ಸ್ಟೇಷನ್ನಿನಲ್ಲಿ ಗಾಡಿ ಹೋಗೇಬಿಡ್ತು ಅಂತ ತಿರುಗುವಷ್ಟರಲ್ಲಿ ಬಾಲದಲ್ಲಿ ಇನ್ನೊಂದು ಜೋಡಿ ಇಂಜಿನ್ ಗುಡುಗುತ್ತಾ ಬರುತ್ತೆ.

ಇಳಿಯುವಾಗ ಕಷ್ಟ ಬೇರೆ: ಚಕ್ರ ತಿರುಗಿಸುವ ಮೋಟಾರುಗಳನ್ನೇ ಜನರೇಟರ್ ಮಾಡಿ ಗಾಡಿಯನ್ನು ತಡೆಹಿಡಿಯುತ್ತಾರೆ. ಬರೀ ಗಾಳಿ ಬ್ರೇಕ್ ನಂಬಿದರೆ ಬ್ರೇಕ್ ಬಿಸಿಯಾಗುತ್ತೆ.

ಇನ್ನು ಎಕ್ಸ್‌ಪ್ರೆಸ್‌ಗಳ ಪಾಡು. ಇದು ಸಿಂಗಲ್ ಲೈನ್. 55 ಕಿ.ಮೀ.ಗೆ 30ರ ವೇಗದಲ್ಲಿ 1 ಗಂಟೆ 50 ನಿಮಿಷ. ಗೂಡ್ಸ್ 15ರಲ್ಲಿ ತೆವಳಿದರೆ 3 ಗಂಟೆ 40 ನಿಮಿಷ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿಯಂಥ ಸ್ಟೇಷನ್‌ಗಳಲ್ಲಿ ಲೂಪ್ ಲೈನ್ (ಒಂದು ಗಾಡಿ ಸರಿದು ನಿಲ್ಲುವ ಪಕ್ಕದ ಹಳಿ) ಇದ್ದರೆ ಮಾತ್ರ ಒಂದು ಗಾಡಿ ಇನ್ನೊಂದನ್ನು ದಾಟೋಕೆ ಆಗುತ್ತೆ. ಗಾಡಿ ಲೂಪಿಗಿಂತ ಉದ್ದ ಇದ್ದರೆ ಅದು ಪಕ್ಕಕ್ಕೆ ಸರಿದು ನಿಲ್ಲೋಕೂ ಆಗಲ್ಲ. ಇನ್ನು ಏರಿನ ಮಧ್ಯೆ ನಿಂತರೆ ಮತ್ತೆ ಹೊರಡಿಸೋದು ಇನ್ನೊಂದು ತಲೆನೋವು. ಹಾಗಾಗಿ ಎಷ್ಟೋ ಸಲ ಗೂಡ್ಸನ್ನು ಓಡಲು ಬಿಟ್ಟು, ಎಕ್ಸ್‌ಪ್ರೆಸ್ಸನ್ನೇ ಲೂಪಿನಲ್ಲಿ ನಿಲ್ಲಿಸೋದು ಲಾಭ. ಕಿಟಕಿಯಲ್ಲಿ ಕೂತು ಬೈಯುವ ಮುಂಚೆ ಆ 66 ಟನ್ ಲೆಕ್ಕ ಒಮ್ಮೆ ಹಾಕಿ ನೋಡಿ. ನಾನು ಈಗ ಅದನ್ನೇ ಮಾಡ್ತೀನಿ, ಆಮೇಲೆ ಬೈತೀನಿ.