ಇಳಿಸುವುದಕ್ಕೂ ಇಂಧನ ಬೇಕು: ಉಪಗ್ರಹಗಳ ಪೆರಿಜಿ ಪುರಾಣ

ಭೂಮಿಯನ್ನು ಸುತ್ತುವ ಉಪಗ್ರಹದ ದಾರಿ ಪೂರ್ತಿ ದುಂಡಗಿರುವುದು ಅಪರೂಪ. ಅದು ಭೂಮಿಗೆ ಅತಿ ಸಮೀಪ ಬರುವ ಬಿಂದು ಪೆರಿಜಿ, ಅತಿ ದೂರ ಹೋಗುವ ಬಿಂದು ಅಪೊಜಿ. ತಗ್ಗಿನ ಕಕ್ಷೆಗಳಲ್ಲಿ ಉಪಗ್ರಹದ ಆಯುಸ್ಸು ಹೆಚ್ಚಾಗಿ ಪೆರಿಜಿಯ ಕೈಯಲ್ಲಿರುತ್ತದೆ. ಅಲ್ಲಿ ಸಿಗುವ ತೆಳು ಗಾಳಿ ಪ್ರತಿ ಸುತ್ತಿನಲ್ಲೂ ಅದರ ವೇಗವನ್ನು ಇಷ್ಟಿಷ್ಟೇ ಕಸಿಯುತ್ತದೆ.

1957ರ ಸ್ಪುಟ್ನಿಕ್‌ನ ಪೆರಿಜಿ ಸುಮಾರು 215 ಕಿ.ಮೀ. ಇತ್ತು, ಮೂರೇ ತಿಂಗಳಲ್ಲಿ ಅದು ಉರಿದುಹೋಯಿತು. ಮರುವರ್ಷ ಅಮೆರಿಕ ಹಾರಿಸಿದ ಪುಟ್ಟ ವ್ಯಾನ್‌ಗಾರ್ಡ್-1ರ ಪೆರಿಜಿ ಸುಮಾರು 650 ಕಿ.ಮೀ.; ಸದ್ದಿಲ್ಲದ ಆ ಗೋಳ ಇನ್ನೂ ಸುತ್ತುತ್ತಲೇ ಇದೆ. ಮುಂದಿನ ದಶಕಗಳಲ್ಲಿ ಎಲ್ಲರಿಗೂ ಏರಿಸುವುದೇ ಚಿಂತೆ. ಕೆಲಸ ಮುಗಿದವನ್ನು ಇಳಿಸುವ ಮಾತು 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನ ಚೂರುಗಳು ಆಸ್ಟ್ರೇಲಿಯಾದಲ್ಲಿ ಬಿದ್ದಾಗ ಎದ್ದು, ಬೇಗನೆ ತಣ್ಣಗಾಯಿತು. ಕೆಲಸ ಮುಗಿದ 25 ವರ್ಷದೊಳಗೆ ಉಪಗ್ರಹ ಕೆಳಗಿಳಿಯಬೇಕೆಂದು ಬಾಹ್ಯಾಕಾಶ ಸಂಸ್ಥೆಗಳ ಒಕ್ಕೂಟ ಹೇಳಿದ್ದು 2002ರಲ್ಲಿ. ಅದೂ ಸಲಹೆ ಮಾತ್ರ. ಮೀರಿದರೆ ದಂಡವೇನೂ ಇರಲಿಲ್ಲ.

ಪೆರಿಜಿಯನ್ನು ಬದಲಿಸಲು ಎಂಜಿನ್ ಉರಿಸಬೇಕಾದ ಜಾಗ ಪೆರಿಜಿಯಲ್ಲ, ಎದುರಿನ ಅಪೊಜಿ. ಅಲ್ಲಿ ವೇಗ ಹೆಚ್ಚಿಸಿದರೆ ಈಚೆ ತುದಿಯ ಪೆರಿಜಿ ಮೇಲೇಳುತ್ತದೆ, ತಗ್ಗಿಸಿದರೆ ಕುಸಿಯುತ್ತದೆ. 2023ರ ಜುಲೈ 17ರಂದು ಚಂದ್ರಯಾನ-3ರ ಪೆರಿಜಿಯನ್ನು 173ರಿಂದ 226 ಕಿ.ಮೀ.ಗೆ ಎತ್ತಿದ್ದು ಇದೇ ಸೂತ್ರದಿಂದ. ಎಂಜಿನ್ ಉರಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 2025ರ ಜನವರಿಯಲ್ಲಿ ಹಾರಿದ ಇಸ್ರೋದ ದಾರಿಸೂಚಕ ಉಪಗ್ರಹ ಎನ್‌ವಿಎಸ್-02 ಸಾಕ್ಷಿ. ಇಂಧನ ಉರಿಯಲು ಬೇಕಾದ ಆಕ್ಸಿಡೈಸರ್‌ನ ಕವಾಟ ತೆರೆಯದೆ, ಸುಮಾರು 170 ಕಿ.ಮೀ. ಪೆರಿಜಿಯ ಕಕ್ಷೆಯಲ್ಲೇ ಅದು ಸಿಕ್ಕಿಕೊಂಡಿತು.

ಈ ಚರಿತ್ರೆಯಲ್ಲಿ ನಿಂತು ನೋಡಬೇಕಾದ ಘಟ್ಟ ಮೇಘಾ-ಟ್ರಾಪಿಕ್ಸ್‌ನದು. ಭಾರತ ಮತ್ತು ಫ್ರಾನ್ಸ್ ಜಂಟಿಯಾಗಿ 2011ರಲ್ಲಿ ಹಾರಿಸಿದ, ಸುಮಾರು ಒಂದು ಟನ್ ತೂಕದ ಈ ಹವಾಮಾನ ಉಪಗ್ರಹಕ್ಕೆ ನಿಗದಿಯಾಗಿದ್ದ ಆಯುಸ್ಸು ಮೂರು ವರ್ಷ; ದುಡಿದದ್ದು 2021ರವರೆಗೆ. 867 ಕಿ.ಮೀ. ಎತ್ತರದಲ್ಲಿ ಹಾಗೆಯೇ ಬಿಟ್ಟಿದ್ದರೆ ನೂರಕ್ಕೂ ಹೆಚ್ಚು ವರ್ಷ ಸುತ್ತುತ್ತಿತ್ತು. ಅದೃಷ್ಟಕ್ಕೆ ಟ್ಯಾಂಕಿನಲ್ಲಿ ಸುಮಾರು 125 ಕಿಲೊ ಇಂಧನ ಉಳಿದಿತ್ತು. ಅದೃಷ್ಟ ಎಂದದ್ದು ಸುಮ್ಮನೆ ಅಲ್ಲ: ನಿಯಂತ್ರಿತವಾಗಿ ಇಳಿಸುವ ಯೋಚನೆ ಅದರ ವಿನ್ಯಾಸದಲ್ಲೇ ಇರಲಿಲ್ಲ.

2022ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್ ನಿಯಂತ್ರಣ ಕೇಂದ್ರ ಹಂತಹಂತವಾಗಿ ಪೆರಿಜಿಯನ್ನು ತಗ್ಗಿಸುತ್ತ ಬಂತು. ತೀರಾ ಕೆಳಗೆ ತಂದರೆ ಗಾಳಿಯ ಹೊಡೆತಕ್ಕೆ ಉಪಗ್ರಹ ದಿಕ್ಕು ತಪ್ಪುವ ಭಯ. ಮೇಲೆಯೇ ನಿಲ್ಲಿಸಿದರೆ ಕೊನೆಯ ಒಂದೆರಡು ಉರಿತದಲ್ಲಿ ಸಮುದ್ರಕ್ಕೆ ಗುರಿಯಿಡಲಾಗದು. ನಡುನಡುವೆ ಸೌರಫಲಕಗಳನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ಗಾಳಿಯ ಎಳೆತವನ್ನೂ ಅಳೆದರು. 2023ರ ಮಾರ್ಚ್ 7ರ ಸಂಜೆ 4.32ಕ್ಕೆ ಒಮ್ಮೆ, 6.21ಕ್ಕೆ ಮತ್ತೊಮ್ಮೆ, ನಾಲ್ಕು ಥ್ರಸ್ಟರ್‌ಗಳು (ಪುಟ್ಟ ಎಂಜಿನ್‌ಗಳು) ತಲಾ ಇಪ್ಪತ್ತು ನಿಮಿಷದಷ್ಟು ಉರಿದವು. ಪೆರಿಜಿ 80 ಕಿ.ಮೀ.ಗಿಂತ ಕೆಳಗಿಳಿದು, ಪೆಸಿಫಿಕ್ ಸಾಗರದ ಮೇಲೆ ಉಪಗ್ರಹದ ಕಥೆ ಮುಗಿಯಿತು. ಇಪ್ಪತ್ತು ಸಲ ಕಕ್ಷೆ ತಿದ್ದಲು ಖರ್ಚಾದದ್ದು ಸುಮಾರು 120 ಕಿಲೊ ಇಂಧನ. ಅಂಚು ಎಷ್ಟು ತೆಳುವಾಗಿತ್ತು ನೋಡಿ.

ಭೂಮಿಯ ಚಿತ್ರ ತೆಗೆಯುತ್ತಿದ್ದ ಭಾರತದ ಉಪಗ್ರಹ ಕಾರ್ಟೊಸ್ಯಾಟ್-2ರದು ಅಷ್ಟು ದುಬಾರಿ ದಾರಿಯಲ್ಲ. 2020ರ ಹೊತ್ತಿಗೆ ಅದರ ಪೆರಿಜಿಯನ್ನು 635ರಿಂದ 380 ಕಿ.ಮೀ.ಗೆ ಇಳಿಸಿ, ಉಳಿದದ್ದನ್ನು ಗಾಳಿಗೆ ಬಿಟ್ಟರು. 2024ರ ಫೆಬ್ರವರಿಯಲ್ಲಿ ಅದು ಹಿಂದೂ ಮಹಾಸಾಗರದ ಮೇಲೆ ವಾತಾವರಣ ಸೇರಿತು. ಇಂಧನ ಉಳಿತಾಯವೇನೋ ಹೌದು, ಆದರೆ ಎಲ್ಲಿ ಬೀಳಬೇಕೆಂಬ ಆಯ್ಕೆ ಮನುಷ್ಯರಿಗೆ ಉಳಿಯುವುದಿಲ್ಲ.

2022ರಲ್ಲಿ ಅಮೆರಿಕದ ಸಂವಹನ ಆಯೋಗ 25 ವರ್ಷದ ಗಡುವನ್ನು ಐದಕ್ಕೆ ಇಳಿಸಿತು. 2024ರ ಏಪ್ರಿಲ್‌ನಲ್ಲಿ, ಬೆಂಗಳೂರಿನಲ್ಲೇ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ, 2030ರ ಹೊತ್ತಿಗೆ ಸರ್ಕಾರಿ, ಖಾಸಗಿ ಎನ್ನದೆ ಭಾರತದ ಎಲ್ಲ ಬಾಹ್ಯಾಕಾಶ ಯಾನಗಳನ್ನೂ ಕಕ್ಷೆಯಲ್ಲಿ ತ್ಯಾಜ್ಯ ಉಳಿಯದಂತೆ ನಡೆಸುವ ಗುರಿಯನ್ನು ಇಸ್ರೋ ಪ್ರಕಟಿಸಿತು. ತೊಡಕಿರುವುದು ಲೆಕ್ಕದ ಪುಸ್ತಕದಲ್ಲಿ. ಕೊನೆಗೆಂದು ತೆಗೆದಿಡುವ ಪ್ರತಿ ಕಿಲೊ ಇಂಧನ ಉಪಗ್ರಹದ ದುಡಿಮೆಯ ದಿನಗಳನ್ನು ಕಡಿಮೆ ಮಾಡುತ್ತದೆ, ಆ ನಷ್ಟವನ್ನು ಯಾರು ಹೊರಬೇಕೆಂದು ಗುರಿಯ ಮಾತಿನಲ್ಲಿ ಇಲ್ಲ. ಥ್ರಸ್ಟರ್ ಇಲ್ಲದ ಪುಟ್ಟ ಉಪಗ್ರಹಗಳಿಗೆ ಮೊದಲೇ ತಗ್ಗಿನ ಕಕ್ಷೆ ಆರಿಸಿಕೊಳ್ಳುವುದೇ ಸುಲಭದ ದಾರಿ. ಅಲ್ಲೂ ಅಪಾಯ ತಪ್ಪಿದ್ದಲ್ಲ: 2022ರ ಫೆಬ್ರವರಿಯಲ್ಲಿ ಸುಮಾರು 210 ಕಿ.ಮೀ. ಎತ್ತರಕ್ಕೆ ಬಿಟ್ಟ 49 ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳಲ್ಲಿ ಹೆಚ್ಚಿನವು, ಸೂರ್ಯನ ಸ್ಫೋಟದಿಂದೇಳುವ ಭೂಕಾಂತೀಯ ಬಿರುಗಾಳಿಗೆ ಅಲ್ಲಿನ ಗಾಳಿ ದಟ್ಟವಾಗಿ, ಮೇಲೇರಲಾರದೆ ಉರಿದುಹೋದವು.