ನಾಯಕ ಬರುವ ದಾರಿಯಲ್ಲೇ ಗಂಡಾಂತರವೂ ಬರುತ್ತದೆ

ಎಲ್ಲ ಬ್ರಹ್ಮಾಂಡಗಳಿಗೂ ಒಟ್ಟಿಗೆ ಕುತ್ತು ಬಂದಿದೆ, ಬೇರೆ ಬೇರೆ ಭೂಮಿಗಳ ಸೂಪರ್‌ಹೀರೋಗಳು ಒಂದಾಗಿ ಅದನ್ನು ತಡೆಯಬೇಕು. ಈ ಜಾತಿಯ ಕಥೆ ಸಿಕ್ಕಾಗ ಭೌತವಿಜ್ಞಾನಿ ಮೊದಲು ವಿಚಾರಿಸುವುದು ದಾರಿಯ ಬಗ್ಗೆ. ಒಂದು ಜಗತ್ತಿನಿಂದ ಇನ್ನೊಂದಕ್ಕೆ ದಾಟಲು ದಾರಿಯಿದ್ದರೆ ಮಾತ್ರ ಅಲ್ಲಿನ ಅನಾಹುತ ಇಲ್ಲಿಗೆ ಹಬ್ಬೀತು. ದಾರಿಯೇ ಇಲ್ಲವೆಂದರೆ ನಾಯಕ ಬರಲಾರ, ಬಂದರೂ ಅವನಿಗೆ ಮಾಡಲು ಕೆಲಸವಿಲ್ಲ.

1961ರ ಸೆಪ್ಟೆಂಬರ್ ತಿಂಗಳ ‘ದ ಫ್ಲ್ಯಾಶ್’ ಕಾಮಿಕ್ಸ್‌ನ 123ನೇ ಸಂಚಿಕೆಯಲ್ಲಿ ಕಥೆಗಾರ ಗಾರ್ಡ್ನರ್ ಫಾಕ್ಸ್ ಒಂದು ದಾರಿ ತೋರಿಸಿದರು. ಎರಡು ಭೂಮಿಗಳು ಒಂದೇ ಜಾಗದಲ್ಲಿ, ಬೇರೆ ಬೇರೆ ಕಂಪನದಲ್ಲಿ ಇರುತ್ತವೆ. ಮೈಯನ್ನು ತಕ್ಕ ವೇಗದಲ್ಲಿ ಕಂಪಿಸಿದರೆ ಆಚೆಯ ಭೂಮಿ ಸಿಗುತ್ತದೆ. ಇದಕ್ಕೆ ನಾಲ್ಕು ವರ್ಷ ಮೊದಲು, 1957ರಲ್ಲಿ, ಪ್ರಿನ್ಸ್‌ಟನ್‌ನ ವಿದ್ಯಾರ್ಥಿ ಹ್ಯೂ ಎವರೆಟ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಬೇರೆಯದೇ ಚಿತ್ರ ಕೊಟ್ಟಿದ್ದರು. ಕ್ವಾಂಟಂ ಅಳತೆಯಲ್ಲಿ ಸಾಧ್ಯವಿರುವ ಎಲ್ಲ ಫಲಿತಾಂಶಗಳೂ ಘಟಿಸುತ್ತವೆ, ಪ್ರತಿಯೊಂದೂ ತನ್ನದೇ ಕವಲಿನಲ್ಲಿ. ಕಾಮಿಕ್ಸ್ ಮತ್ತು ಎವರೆಟ್ ಒಂದು ಮಾತಿನಲ್ಲಿ ಒಪ್ಪುತ್ತಾರೆ: ಆ ಜಗತ್ತುಗಳು ದೂರದಲ್ಲೆಲ್ಲೋ ಇಲ್ಲ, ಇಲ್ಲೇ ಇವೆ. ಆದರೆ ರೇಡಿಯೋ ಸ್ಟೇಷನ್ನಿನಂತೆ ಕವಲಿಗೊಂದು ಕಂಪನಾಂಕ ಇರುವುದಿಲ್ಲ. ಕವಲುಗಳನ್ನು ಬೇರ್ಪಡಿಸುವುದು ದಾಖಲೆ. ಕಣ ಎಡಕ್ಕೆ ಹೋಯಿತೋ ಬಲಕ್ಕೋ ಎಂಬ ಸುದ್ದಿ ಸುತ್ತಲಿನ ಗಾಳಿಯ ಅಣುಗಳಿಗೆ, ಬೆಳಕಿಗೆ ಅಂಟಿಕೊಂಡ ಕ್ಷಣದಿಂದ ಎರಡು ಕವಲುಗಳು ಒಂದನ್ನೊಂದು ಮುಟ್ಟುವುದಿಲ್ಲ.

ಇದನ್ನು ಕಣ್ಣಾರೆ ತೋರಿಸಿದ್ದು ವಿಯೆನ್ನಾದ ಪ್ರಯೋಗಗಳು. 1999ರಲ್ಲಿ ಆಂಟನ್ ಝೈಲಿಂಗರ್ ಅವರ ತಂಡ 60 ಕಾರ್ಬನ್ ಪರಮಾಣುಗಳ ಫುಲ್ಲರೀನ್ ಚೆಂಡುಗಳನ್ನು ಕುಲುಮೆಯಲ್ಲಿ ಆವಿ ಮಾಡಿ, 100 ನ್ಯಾನೋಮೀಟರ್‌ಗೆ ಒಂದರಂತೆ ಸೀಳುಗಳಿದ್ದ ಜಾಲರಿಯ ಮೂಲಕ ಹಾಯಿಸಿತು. ಪ್ರತಿ ಅಣುವೂ ಒಂದಕ್ಕಿಂತ ಹೆಚ್ಚು ಸೀಳುಗಳಲ್ಲಿ ಒಟ್ಟಿಗೆ ಸಾಗಿದ್ದರಿಂದ ಆಚೆ ಬದಿಯಲ್ಲಿ ವ್ಯತಿಕರಣದ, ಅಂದರೆ ಅಲೆಗಳು ಒಂದರ ಮೇಲೊಂದು ಬಿದ್ದಾಗ ಕಾಣುವಂಥ, ಪಟ್ಟಿಗಳು ಮೂಡಿದವು. ಇದಕ್ಕೆ ಒಳ್ಳೆಯ ನಿರ್ವಾತ ಬೇಕೇ ಬೇಕು. ಉಳಿದ ಗಾಳಿಯ ಅಣುವೊಂದು ದಾರಿಯಲ್ಲಿ ಡಿಕ್ಕಿ ಹೊಡೆದರೂ ಪಟ್ಟಿ ಮಸುಕಾಗುತ್ತದೆ. 2004ರಲ್ಲಿ ವಿಯೆನ್ನಾದವರು 70 ಪರಮಾಣುಗಳ ಫುಲ್ಲರೀನನ್ನು ಲೇಸರ್‌ನಿಂದ ಹಂತ ಹಂತವಾಗಿ ಕಾಯಿಸಿ ನೋಡಿದರು. ಶಾಖ ಏರಿದಂತೆ ಅಣುವೇ ಬೆಳಕು ಸೂಸತೊಡಗಿತು. ಎಲ್ಲಿಂದ ಹೊರಟೆನೆಂದು ಆ ಬೆಳಕಿನ ಕಣಗಳು, ಅಂದರೆ ಫೋಟಾನುಗಳು, ಹೇಳಬಲ್ಲವಾದ್ದರಿಂದ ಪಟ್ಟಿಗಳು ಕರಗುತ್ತ ಬಂದು ಕೊನೆಗೆ ಅಳಿಸಿಹೋದವು. ಯಾರೂ ಆ ಫೋಟಾನನ್ನು ಹಿಡಿದು ನೋಡಬೇಕಾಗಿಲ್ಲ, ಅದು ಹೊರಟುಹೋದರೆ ಸಾಕು.

70 ಪರಮಾಣುಗಳ ಪಾಡು ಇದಾದರೆ ಎಂಬತ್ತು ಕಿಲೋ ತೂಕದ, ಬೆಚ್ಚಗಿನ ಮೈಯ, ಉಸಿರಾಡುವ ನಾಯಕನ ಗತಿಯೇನು? ಅವನು ಇನ್ನೊಂದು ಕವಲನ್ನು ಮತ್ತೆ ಕೂಡಬೇಕೆಂದರೆ ಕವಲೊಡೆದಾಗಿನಿಂದ ಚದುರಿದ ಪ್ರತಿ ಅಣುವಿನ, ಪ್ರತಿ ಫೋಟಾನಿನ ದಾಖಲೆಯನ್ನು ಹೆಕ್ಕಿ ಅಳಿಸಬೇಕು. ಅವುಗಳಲ್ಲಿ ಕೆಲವು ಆಗಲೇ ಬಾಹ್ಯಾಕಾಶಕ್ಕೆ ಹೊರಟಿರುತ್ತವೆ. ಎಷ್ಟೇ ಜೋರಾಗಿ ಓಡಿದರೂ ಮುಂದೆ ಹೋದ ಬೆಳಕನ್ನು ಹಿಂದಿನಿಂದ ಹಿಡಿಯಲಾಗದು.

ಹಾಗಾದರೆ ಈ ದಾರಿ ಪೂರ್ತಿ ಮುಚ್ಚಿದೆಯೇ? ಒಂದು ಸಂದಿಯನ್ನು ಗಂಭೀರವಾಗಿ ಪರಿಶೀಲಿಸಿದ್ದುಂಟು. ಕವಲುಗಳು ಪರಸ್ಪರ ಮಾತಾಡದಿರುವುದಕ್ಕೆ ಮೂಲ ಕಾರಣ ಕ್ವಾಂಟಂ ಸಮೀಕರಣದ ರೇಖೀಯ ಗುಣ: ಒಂದು ಕವಲು ಹೇಗೆ ಸಾಗುತ್ತದೆ ಎಂಬುದು ಇನ್ನೊಂದು ಏನು ಮಾಡುತ್ತಿದೆ ಎಂಬುದನ್ನು ಅವಲಂಬಿಸುವುದಿಲ್ಲ. 1989ರಲ್ಲಿ ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ ಈ ಸಮೀಕರಣಕ್ಕೆ ರೇಖೀಯವಲ್ಲದ ಚಿಕ್ಕ ತಿದ್ದುಪಡಿ ಸೇರಿಸಿದರು. ಕ್ವಾಂಟಂ ಸಿದ್ಧಾಂತವನ್ನು ಪರೀಕ್ಷೆಗೊಡ್ಡುವುದು ಅವರ ಉದ್ದೇಶ. ಎರಡು ವರ್ಷದ ನಂತರ ಜೋಸೆಫ್ ಪೋಲ್ಚಿನ್‌ಸ್ಕಿ ಅದರ ಪರಿಣಾಮವನ್ನು ಲೆಕ್ಕ ಹಾಕಿದಾಗ ಹೊರಬಿದ್ದದ್ದು ‘ಎವರೆಟ್ ಫೋನ್’. ಅದನ್ನು ಬಳಸುವ ಬಗೆ ಹೀಗೆ. ಒಂದು ಅಯಾನಿನ (ವಿದ್ಯುದಂಶವುಳ್ಳ ಪರಮಾಣುವಿನ) ಸ್ಪಿನ್, ಅಂದರೆ ಪುಟ್ಟ ಅಯಸ್ಕಾಂತದಂತೆ ಅದು ತೋರುವ ದಿಕ್ಕು, ಅಳೆಯಬೇಕು. ಒಂದು ಕವಲಿನಲ್ಲಿ ಅದು ಮೇಲ್ಮುಖ, ಇನ್ನೊಂದರಲ್ಲಿ ಕೆಳಮುಖ. ಮೇಲ್ಮುಖ ಸಿಕ್ಕವರು ಸುದ್ದಿ ಕಳಿಸುವವರು. ಅವರು ಆ ಸ್ಪಿನ್ನನ್ನು ಹಾಗೇ ಬಿಡಬಹುದು, ಇಲ್ಲವೇ ತಿರುಗಿಸಬಹುದು. ಕೆಳಮುಖ ಸಿಕ್ಕವರು ಏನೂ ಮಾಡದೆ ಸ್ವಲ್ಪ ಕಾಯ್ದು ಮತ್ತೆ ಅಳೆಯುತ್ತಾರೆ. ತಿದ್ದುಪಡಿ ನಿಜವಾಗಿದ್ದರೆ ಆಚೆಯವರ ಆಯ್ಕೆಗೆ ತಕ್ಕಂತೆ ಈಚೆಯ ಅಳತೆ ಬದಲಾಗುತ್ತದೆ. ಒಂದು ಬಿಟ್ ಸುದ್ದಿ ದಾಟಿತು ಎಂದರ್ಥ.

ತಿದ್ದುಪಡಿ ನಿಜವೋ ಸುಳ್ಳೋ ನೋಡಲು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಬೆರಿಲಿಯಂ ಅಯಾನುಗಳನ್ನು ಬಲೆಯಲ್ಲಿ ಹಿಡಿದಿಟ್ಟು 1989ರಲ್ಲೇ ಪರೀಕ್ಷಿಸಿದರು. ರೇಖೀಯತೆ ಒಂದಿಷ್ಟು ತಪ್ಪಿದ್ದರೂ ಸ್ಪಿನ್ನನ್ನು ಓರೆ ಮಾಡಿದ ಕೋನ ಬದಲಾದಂತೆ ಅದರ ಆವರ್ತನ, ಅಂದರೆ ಗಡಿಯಾರದ ಟಿಕ್‌ಟಿಕ್‌ನಂತೆ ಅದು ತಿರುಗುವ ಲಯ, ಬದಲಾಗಬೇಕಿತ್ತು. ಬದಲಾಗಲಿಲ್ಲ. ಇದು ನನ್ನ ಮಟ್ಟಿಗೆ ಈ ವಿಷಯದಲ್ಲೇ ಅತ್ಯಂತ ಸೊಗಸಾದ ಪ್ರಯೋಗ: ಜಗತ್ತುಗಳ ನಡುವಣ ಫೋನ್ ಇದೆಯೇ ಎಂದು ನೋಡಲು ಗಡಿಯಾರದ ನಿಖರತೆ ಅಳೆದರೆ ಸಾಕಾಯಿತು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಫೋನ್ ಇದ್ದಿದ್ದರೂ ಅದರಲ್ಲಿ ಹೋಗುವುದು ಮಾಹಿತಿ ಮಾತ್ರ. ಆಚೆಯ ಭೂಮಿಯ ನಾಯಕ ಉಪಾಯ ಹೇಳಬಲ್ಲ, ಗುದ್ದು ಹಾಕಲಾರ.

ಎವರೆಟ್‌ನ ಕವಲುಗಳನ್ನು ಬಿಟ್ಟು ಇನ್ನೊಂದು ಬಗೆಯ ನೆರೆಜಗತ್ತಿನ ಊಹೆಯೂ ಇದೆ: ನಮ್ಮ ಕಣಗಳಿಗೆಲ್ಲ ನಮಗೆ ಕಾಣದ ಒಂದೊಂದು ಜೋಡಿ, ಕನ್ನಡಿ ಕಣ. ಬಾಟಲಿಯಂಥ ಪಾತ್ರೆಯಲ್ಲಿ ಹಿಡಿದಿಟ್ಟ ನ್ಯೂಟ್ರಾನಿನ ಸರಾಸರಿ ಆಯುಸ್ಸು ಸುಮಾರು 878 ಸೆಕೆಂಡು, ಹರಿಯುವ ಪುಂಜದಲ್ಲಿ ಅಳೆದರೆ 888. ಈ ಹತ್ತು ಸೆಕೆಂಡಿನ ವ್ಯತ್ಯಾಸಕ್ಕೆ ನ್ಯೂಟ್ರಾನ್ ಕನ್ನಡಿ ಲೋಕಕ್ಕೆ ಜಾರುವುದೇ ಕಾರಣವಿರಬಹುದೇ ಎಂದು ಓಕ್ ರಿಡ್ಜ್ ಪ್ರಯೋಗಾಲಯದವರು ಹುಡುಕಿದರು. ಬಲವಾದ ಅಯಸ್ಕಾಂತ ಕ್ಷೇತ್ರದೊಳಗೆ ನ್ಯೂಟ್ರಾನ್ ಪುಂಜ, ನಡುವೆ ನ್ಯೂಟ್ರಾನುಗಳನ್ನು ನುಂಗುವ ಬೋರಾನ್ ಕಾರ್ಬೈಡ್ ಗೋಡೆ, ಆಚೆ ಪತ್ತೆಯಂತ್ರ. ಕನ್ನಡಿ ನ್ಯೂಟ್ರಾನ್ ಮಾತ್ರ ಗೋಡೆಯನ್ನು ದಾಟಿ ಮತ್ತೆ ಸಾಮಾನ್ಯ ನ್ಯೂಟ್ರಾನಾಗಿ ಕಾಣಿಸಿಕೊಳ್ಳಬೇಕು. 2022ರಲ್ಲಿ ಬಂದ ಫಲಿತಾಂಶ: ಆಯುಸ್ಸಿನ ವ್ಯತ್ಯಾಸವನ್ನು ವಿವರಿಸುವಷ್ಟು ನ್ಯೂಟ್ರಾನುಗಳು ದಾಟುತ್ತಿಲ್ಲ.

ದೇಹವೇ ದಾಟಬೇಕೆಂದರೆ ಉಳಿಯುವುದು ವರ್ಮ್‌ಹೋಲ್, ಅಂದರೆ ಎರಡು ಜಾಗಗಳನ್ನು ಕೂಡಿಸುವ ಸುರಂಗ. 1962ರಲ್ಲಿ ಫುಲ್ಲರ್ ಮತ್ತು ವೀಲರ್ ತೋರಿಸಿದಂತೆ, ಆಸರೆಯಿಲ್ಲದ ವರ್ಮ್‌ಹೋಲಿನ ಗಂಟಲು ಬೆಳಕು ಕೂಡ ದಾಟುವ ಮೊದಲೇ ಹಿಸುಕಿಕೊಂಡು ಮುಚ್ಚುತ್ತದೆ. ಅದನ್ನು ತೆರೆದಿಡಲು ಋಣ ಶಕ್ತಿ (ಬರಿದಾದ ಜಾಗದಲ್ಲಿರುವುದಕ್ಕಿಂತಲೂ ಕಡಿಮೆ ಶಕ್ತಿ) ಬೇಕೆಂದು 1988ರಲ್ಲಿ ಮಾರಿಸ್ ಮತ್ತು ಥಾರ್ನ್ ಲೆಕ್ಕ ಕೊಟ್ಟರು. ಒಂದು ಮೀಟರ್ ಅಗಲದ ಗಂಟಲಿಗೆ ಬೇಕಾದದ್ದು, ಅಂದಾಜಿನಲ್ಲಿ, ಗುರುಗ್ರಹದಷ್ಟು ದ್ರವ್ಯರಾಶಿಗೆ ಸಮನಾದ ಋಣ ಶಕ್ತಿ. ಪ್ರಯೋಗಾಲಯದಲ್ಲಿ ಇದಕ್ಕೆ ಹತ್ತಿರ ಬರುವುದು ಕ್ಯಾಸಿಮಿರ್ ಪರಿಣಾಮ: 100 ನ್ಯಾನೋಮೀಟರ್ ಅಂತರದಲ್ಲಿಟ್ಟ ಎರಡು ಲೋಹದ ಫಲಕಗಳ ನಡುವೆ ಸುಮಾರು 13 ಪಾಸ್ಕಲ್ ಸೆಳೆತ. ಗಾಳಿಯ ಒತ್ತಡದ ಏಳೆಂಟು ಸಾವಿರದಲ್ಲೊಂದು ಪಾಲು.

ಬಾಗಿಲು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅದಕ್ಕೂ ಜಮಾಖರ್ಚು ಇದೆ. ಎಂಬತ್ತು ಕಿಲೋ ನಾಯಕ ಒಳಹೊಕ್ಕ ಬಾಯಿಯ ತೂಕ ಎಂಬತ್ತು ಕಿಲೋ ಹೆಚ್ಚುತ್ತದೆ, ಹೊರಬಂದ ಬಾಯಿಯದು ಅಷ್ಟೇ ಕಡಿಮೆಯಾಗುತ್ತದೆ. ಹಾಗಾಗಿ ಹೊರಗಿನಿಂದ ನೋಡುವವರಿಗೆ ಈ ಬ್ರಹ್ಮಾಂಡದ ಒಟ್ಟು ದ್ರವ್ಯರಾಶಿ ಬದಲಾಗಿರುವುದಿಲ್ಲ. ಸೈನ್ಯವೇ ಬಂದಿಳಿದರೆ ಬಾಯಿ ಹಗುರಾಗುತ್ತಲೇ ಹೋಗುತ್ತದೆ, ಬಂದವರು ಹಿಂತಿರುಗಿದಾಗ ಸರಿಹೋಗುತ್ತದೆ. ಕಥೆಗಾರರು ಯಾಕೋ ಇದನ್ನು ಬಳಸಿಕೊಂಡದ್ದು ಕಡಿಮೆ.

ಇನ್ನು ಗಂಡಾಂತರ. 1985ರಲ್ಲಿ ಶುರುವಾದ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಸರಣಿಯಲ್ಲಿ ಪ್ರತಿದ್ರವ್ಯದ ಅಲೆ ಒಂದಾದ ಮೇಲೊಂದು ಬ್ರಹ್ಮಾಂಡವನ್ನು ನುಂಗುತ್ತದೆ. ನುಂಗುವವನಿಗೆ ಇದು ನಷ್ಟದ ವ್ಯಾಪಾರ. ಒಂದು ಗ್ರಾಂ ಪ್ರತಿದ್ರವ್ಯ ಒಂದು ಗ್ರಾಂ ದ್ರವ್ಯವನ್ನು ಅಳಿಸಿ ತಾನೂ ಅಳಿಯುತ್ತದೆ. ಹೊರಬರುವುದು ಸುಮಾರು 43 ಕಿಲೋಟನ್ ಟಿಎನ್‌ಟಿಗೆ ಸಮನಾದ ಶಕ್ತಿ. ಸೂರ್ಯನನ್ನು ಅಳಿಸಲು ಒಂದು ಇಡೀ ಪ್ರತಿಸೂರ್ಯ ಖರ್ಚಾಗಬೇಕು. ಅದೂ ಸಲೀಸಲ್ಲ, ಏಕೆಂದರೆ ಅಂಚಿನಲ್ಲಿ ಹುಟ್ಟುವ ವಿಕಿರಣ ಎರಡನ್ನೂ ದೂರ ತಳ್ಳುತ್ತದೆ.

ನಿಜಕ್ಕೂ ನಾಯಕರನ್ನು ಸೋಲಿಸಬಲ್ಲದ್ದು ನಿರ್ವಾತದ ಕುಸಿತ. ಕಣಗಳಿಗೆ ದ್ರವ್ಯರಾಶಿ ಕೊಡುವ ಹಿಗ್ಸ್ ಕ್ಷೇತ್ರ ಈಗ ನಿಂತಿರುವ ಮಟ್ಟವೇ ಕೊನೆಯ ತಳವಲ್ಲದಿರಬಹುದು. ಹಿಗ್ಸ್ ಕಣದ ದ್ರವ್ಯರಾಶಿ ಸುಮಾರು 125, ಟಾಪ್ ಕ್ವಾರ್ಕಿನದು ಸುಮಾರು 173 ಗಿಗಾ ಎಲೆಕ್ಟ್ರಾನ್‌ವೋಲ್ಟ್. ಇನ್ನಾವ ಹೊಸ ಕಣವೂ ಇಲ್ಲವೆಂದು ಹಿಡಿದು ಲೆಕ್ಕ ಹಾಕಿದರೆ ನಾವಿರುವುದು ಬಲು ದೀರ್ಘ ಕಾಲ ಬಾಳುವ, ಆದರೆ ಶಾಶ್ವತವಲ್ಲದ ನಿರ್ವಾತದಲ್ಲಿ. ಕುಸಿತ ಶುರುವಾಗುವುದು ಒಂದು ಪುಟಾಣಿ ಗುಳ್ಳೆಯಿಂದ. ಸಿಡ್ನಿ ಕೋಲ್ಮನ್ 1977ರಲ್ಲಿ ಇದರ ಗಣಿತ ಬಿಡಿಸಿಟ್ಟರು. ಗುಳ್ಳೆ ಹುಟ್ಟುವಾಗ ಪರಮಾಣುವಿನ ಬೀಜದಷ್ಟೇ ಇದ್ದರೆ, ಒಂದು ಮೀಟರ್ ಹಬ್ಬುವಷ್ಟರಲ್ಲಿ ಅದರ ಗೋಡೆ ಬೆಳಕಿಗಿಂತ ಹಿಂದೆ ಬಿದ್ದಿರುವುದು ಹೆಚ್ಚೆಂದರೆ ಆ ಬೀಜದ ಗಾತ್ರದಷ್ಟು. ಅಪಾಯದ ಸುದ್ದಿ ಬೆಳಕಿಗಿಂತ ಬೇಗ ಬರಲಾರದು. ಸುದ್ದಿ ಮುಟ್ಟುವುದಕ್ಕೂ ಗೋಡೆ ಬಡಿಯುವುದಕ್ಕೂ ನಡುವೆ ಯಾವ ಮುಷ್ಟಿಯೂ ಎದ್ದೇಳದು. ಒಳಗೆ ಕಣಗಳ ದ್ರವ್ಯರಾಶಿಯೇ ಬೇರೆಯಾಗುವುದರಿಂದ ರಸಾಯನಶಾಸ್ತ್ರವೂ ಇಲ್ಲ, ದೇಹವೂ ಇಲ್ಲ.

ಹಾಗೆಂದು ಗುಳ್ಳೆ ಎಲ್ಲವನ್ನೂ ನುಂಗುತ್ತದೆಯೇ? ಅದಕ್ಕೂ ಆಗದು. ಬ್ರಹ್ಮಾಂಡದ ಹಿಗ್ಗುವಿಕೆ ವೇಗ ಪಡೆಯುತ್ತಿರುವುದರಿಂದ, ಇವತ್ತು ಸುಮಾರು 1,700 ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆ ಹುಟ್ಟಿದ ಗುಳ್ಳೆ ನಮ್ಮನ್ನು ಎಂದೂ ಮುಟ್ಟುವುದಿಲ್ಲ. ಬೇರೆ ಬ್ರಹ್ಮಾಂಡಗಳಂತೂ ಅದರ ಪಾಲಿಗೆ ಇಲ್ಲವೇ ಇಲ್ಲ. ಯಾರಾದರೂ ಬಾಗಿಲು ತೆರೆದಿಟ್ಟಿದ್ದರೆ ಮಾತು ಬೇರೆ: ಎಂಬತ್ತು ಕಿಲೋ ನಾಯಕ ನುಸುಳುವಷ್ಟು ಅಗಲವಿರುವ ಗಂಟಲಿನಲ್ಲಿ ಬೀಜದಷ್ಟು ಸಣ್ಣ ಗುಳ್ಳೆ ನುಸುಳಲು ಅಡ್ಡಿಯಿಲ್ಲ, ಆಚೆ ಹೋಗಿ ಅದು ಮತ್ತೆ ಬೆಳಕಿನ ವೇಗದಲ್ಲಿ ಹಬ್ಬುತ್ತದೆ. ಗೋಡೆ ಬಂದದ್ದು ಕಂಡ ಮೇಲೆ ಬಾಗಿಲು ಮುಚ್ಚಲು ಸಮಯ ಸಿಗುವುದಿಲ್ಲವಾದ್ದರಿಂದ ಅದು ಯಾವಾಗಲೂ ಮುಚ್ಚಿಯೇ ಇರಬೇಕು. ಆಸರೆ ತೆಗೆದ ಗಂಟಲು ತಾನಾಗಿ ಮುಚ್ಚಿಕೊಳ್ಳುವುದು ಇಲ್ಲಿ ಉಪಕಾರಕ್ಕೇ ಬರುತ್ತದೆ. ದಾಟುವವರು ದಾಟುವಷ್ಟು ಹೊತ್ತು ಮಾತ್ರ ಋಣ ಶಕ್ತಿ ಹೂಡಬೇಕು, ಒಬ್ಬೊಬ್ಬರಿಗೂ ಹೊಸದಾಗಿ.