ಶೀರೂರು ಮಠದ ಸಾಲದಿಂದ ಹಿಜಾಬ್ ತೀರ್ಪಿನವರೆಗೆ

ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿವಾದದ ಬಗ್ಗೆ ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2022ರ ಮಾರ್ಚ್ 15ರಂದು ತೀರ್ಪು ನೀಡಿತು. ಹಿಜಾಬ್ ಧರಿಸುವುದು ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲ ಎಂಬುದು ಅದರ ಪ್ರಮುಖ ನಿರ್ಣಯವಾಗಿತ್ತು. ಧರ್ಮದ ಯಾವ ಭಾಗ ಅತ್ಯಗತ್ಯ, ಯಾವುದು ಅಲ್ಲ ಎಂದು ನ್ಯಾಯಾಲಯ ವಿಚಾರಿಸುವ ಈ ಕ್ರಮದ ಮೂಲ ಹುಡುಕುತ್ತ ಹೋದರೆ ತಲುಪುವುದು ಅದೇ ಊರಿನ ಶೀರೂರು ಮಠದ ಮೊಕದ್ದಮೆಗೆ. ಅದರ ತೀರ್ಪು ಬಂದದ್ದು 1954ರ ಮಾರ್ಚ್ 16ರಂದು. ಎರಡರ ನಡುವೆ ಒಂದು ದಿನ ಕಡಿಮೆ 68 ವರ್ಷ.

ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿಗೆ ಸೇರಿತ್ತು. ದೇವಸ್ಥಾನಗಳ ಆಸ್ತಿಯ ಮೇಲ್ವಿಚಾರಣೆಯನ್ನು ಕಂಪನಿ ಸರ್ಕಾರ 1817ರ ಕಾನೂನಿನ ಮೂಲಕ ವಹಿಸಿಕೊಂಡಿತು. ಕ್ರೈಸ್ತ ಸರ್ಕಾರಕ್ಕೆ ಈ ಉಸಾಬರಿ ಏಕೆಂಬ ಮಿಷನರಿಗಳ ಆಕ್ಷೇಪ ಬಲವಾಗಿ, 1863ರ ಕಾಯ್ದೆಯಿಂದ ಅಧಿಕಾರ ಸ್ಥಳೀಯ ಸಮಿತಿಗಳ ಕೈಗೆ ಹೋಯಿತು. 1920ರ ದಶಕದಲ್ಲಿ ಜಸ್ಟಿಸ್ ಪಕ್ಷದ ಸರ್ಕಾರ ಧಾರ್ಮಿಕ ದತ್ತಿ ಮಂಡಳಿಯನ್ನು ರಚಿಸಿ ಹಿಡಿತವನ್ನು ಮರಳಿ ಪಡೆಯಿತು. 1951ರ ಕಾಯ್ದೆ ಮಂಡಳಿಯ ಬದಲು ಆಯುಕ್ತರನ್ನು ತಂದು ಅದನ್ನು ಇನ್ನಷ್ಟು ಬಿಗಿಗೊಳಿಸಿತು.

ಶೀರೂರು ಮಠದ ಪ್ರಕರಣದ ಬೇರು ಪರ್ಯಾಯದ ಖರ್ಚಿನಲ್ಲಿದೆ. ಅಷ್ಟಮಠಗಳ ಯತಿಗಳು ಸರದಿಯಂತೆ ಎರಡು ವರ್ಷ ಶ್ರೀಕೃಷ್ಣನ ಪೂಜೆ, ಉತ್ಸವ ಮತ್ತು ಅನ್ನದಾನಗಳ ಹೊಣೆ ಹೊರುತ್ತಾರೆ. ವೆಚ್ಚ ಆಯಾ ಮಠದ್ದು. 1919ರಲ್ಲಿ ಬಾಲಕರಾಗಿದ್ದಾಗಲೇ ಪೀಠವೇರಿದ ಶ್ರೀ ಲಕ್ಷ್ಮೀಂದ್ರ ತೀರ್ಥರಿಗೆ 1931ರಲ್ಲಿ ಮೊದಲ ಪರ್ಯಾಯ ಬಂದಾಗ ಸಾಲ ಅನಿವಾರ್ಯವಾಯಿತು. 1946ರ ಎರಡನೆಯ ಪರ್ಯಾಯದ ಹೊತ್ತಿಗೆ ಅದು ಲಕ್ಷ ರೂಪಾಯಿಯ ಸಮೀಪಕ್ಕೆ ಬೆಳೆದಿತ್ತು. ಮಂಡಳಿ ವ್ಯವಸ್ಥಾಪಕರನ್ನು ನೇಮಿಸುವಂತೆ ಒತ್ತಾಯಿಸಿ, ಮುಂದೆ ಆಡಳಿತಕ್ಕೆ ಒಂದು ಯೋಜನೆಯನ್ನೇ ಹೇರಲು ಹೊರಟಾಗ ಸ್ವಾಮಿಗಳು ಮದ್ರಾಸ್ ಹೈಕೋರ್ಟಿನ ಮೊರೆಹೋಗಿ ಗೆದ್ದರು; ಆಯುಕ್ತರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು.

ಏಳು ನ್ಯಾಯಮೂರ್ತಿಗಳ ಪೀಠದ ಪರವಾಗಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯ ಅವರು ಬರೆದ ತೀರ್ಪಿನ ಮರ್ಮ ಇಷ್ಟು: ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು. ದೇವರಿಗೆ ಇಂಥ ಹೊತ್ತಿಗೆ ನೈವೇದ್ಯವಾಗಬೇಕೆಂದು ಒಂದು ಪಂಥದ ನಂಬಿಕೆಯಿದ್ದರೆ, ಅದಕ್ಕೆ ಹಣ ಖರ್ಚಾಗುತ್ತದೆ, ಅರ್ಚಕರೂ ಸೇವಕರೂ ಬೇಕಾಗುತ್ತಾರೆ ಎಂಬ ಕಾರಣಕ್ಕೆ ಅದು ಲೌಕಿಕ ವ್ಯವಹಾರವಾಗಿಬಿಡುವುದಿಲ್ಲ. ಆದರೆ ಆಸ್ತಿಯ ಆಡಳಿತವನ್ನು, ಆಚರಣೆಗಳಿಗೆ ಎಷ್ಟು ವೆಚ್ಚ ಮಾಡಬಹುದೆಂಬುದನ್ನೂ ಸೇರಿಸಿ, ಕಾನೂನು ನಿಯಂತ್ರಿಸಬಹುದು. ಅಧಿಕಾರಿಗಳು ಯಾವಾಗ ಬೇಕಾದರೂ ಎಲ್ಲಿಗೆ ಬೇಕಾದರೂ ಪ್ರವೇಶಿಸಬಹುದೆಂಬ ನಿಯಮ ಬಿದ್ದುಹೋಯಿತು. ಸಂಸ್ಥೆಗಳಿಂದ ವಸೂಲು ಮಾಡುತ್ತಿದ್ದ ವಾರ್ಷಿಕ ವಂತಿಗೆ ಸೇವೆಯ ಶುಲ್ಕವಲ್ಲ, ತೆರಿಗೆ ಎಂದಾಗಿ ಅದೂ ರದ್ದಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಲೌಕಿಕವಾದದ್ದನ್ನು ಅತ್ಯಗತ್ಯದಿಂದ ಬೇರ್ಪಡಿಸಿ ನಿಯಂತ್ರಿಸಬಹುದೆಂಬ ವಾದವನ್ನು ಮುಂದಿಟ್ಟದ್ದು ಸರ್ಕಾರದ ಉನ್ನತ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್. ನ್ಯಾಯಾಲಯ ಅದನ್ನು ಮಠದ ರಕ್ಷಣೆಗೆ ತಿರುಗಿಸಿತು.

ಮೂರು ವರ್ಷಗಳಲ್ಲಿ ಕರಾವಳಿಯ ಇನ್ನೊಂದು ಪ್ರಕರಣ ಈ ರಕ್ಷಣೆಯ ಗಡಿಯನ್ನು ತೋರಿಸಿತು. ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಸಮಾಜಕ್ಕೆ ಸೇರಿದ್ದು, ಯಾರು ಒಳಬರಬಹುದೆಂಬುದು ಧಾರ್ಮಿಕ ವಿಷಯವೇ ಹೌದು ಎಂದು ಸುಪ್ರೀಂ ಕೋರ್ಟ್ 1957ರ ನವೆಂಬರ್ 8ರಂದು ಒಪ್ಪಿತು. ಒಪ್ಪಿಯೂ, ಸಾರ್ವಜನಿಕ ಹಿಂದೂ ದೇವಸ್ಥಾನಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯುವ ಕಾನೂನಿಗೆ ಅವಕಾಶ ಕೊಡುವ ಸಂವಿಧಾನದ 25(2)(ಬಿ) ವಿಧಿಯ ಮುಂದೆ ಆ ಹಕ್ಕು ಬಾಗಬೇಕೆಂದು ಹೇಳಿ, ಎಲ್ಲ ಹಿಂದೂಗಳಿಗೆ ಬಾಗಿಲು ತೆರೆಸಿತು. ಕೆಲವು ವಿಶೇಷ ಸೇವೆಗಳ ವೇಳೆ ಮಾತ್ರ ಸಮಾಜದವರಿಗೆ ಮೀಸಲಾತಿ ಉಳಿಯಿತು. ನನ್ನ ಮಟ್ಟಿಗೆ ಇದು ಶೀರೂರಿಗಿಂತ ಸ್ಪಷ್ಟವಾದ ತೀರ್ಪು: ಆಚರಣೆಯ ಧಾರ್ಮಿಕತೆಯನ್ನು ಅಲ್ಲಗಳೆಯದೆಯೇ ಸಮಾನತೆಯನ್ನು ಎತ್ತಿಹಿಡಿಯಿತು.

ರಾಜ್ಯ ಪುನರ್ವಿಂಗಡಣೆಯ ನಂತರವೂ ಇಲ್ಲಿ ಮದ್ರಾಸಿನ ಕಾಯ್ದೆಯೇ ಮುಂದುವರಿದು, 1997ರ ಕರ್ನಾಟಕ ಕಾಯ್ದೆ 2003ರಲ್ಲಿ ಜಾರಿಗೆ ಬಂತು. ಕೊಲ್ಲೂರು, ಕುಕ್ಕೆ ಮುಜರಾಯಿ ಇಲಾಖೆಯ ಅಧೀನದಲ್ಲಿವೆ. ಮಠಗಳನ್ನು ಕಾಯ್ದೆ ಹೊರಗಿಟ್ಟಿದೆ. ಶಿಕ್ಷಣದಲ್ಲಂತೂ ಧಾರ್ಮಿಕ ಸಂಸ್ಥೆಗಳು ಇಲ್ಲಿ ಸರ್ಕಾರಕ್ಕಿಂತ ಮುಂದಿದ್ದವು: 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1880ರಲ್ಲಿ ಜೆಸ್ವಿಟರು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜು, 1960ರಲ್ಲಿ ಅದಮಾರು ಮಠದ ಶ್ರೀ ವಿಬುಧೇಶ ತೀರ್ಥರು ಸ್ಥಾಪಿಸಿದ ಪೂರ್ಣಪ್ರಜ್ಞ ಕಾಲೇಜು. ಆದರೆ 2022ರ ವ್ಯಾಜ್ಯ ಹುಟ್ಟಿದ್ದು ಸರ್ಕಾರಿ ತರಗತಿಯಲ್ಲಿ, ಅದನ್ನು ಹೂಡಿದವರು ವಿದ್ಯಾರ್ಥಿನಿಯರು.

ತೊಡಕಿರುವುದು ಇಲ್ಲಿಯೇ. ಸಿದ್ಧಾಂತ ಗ್ರಂಥಗಳೂ ಪಂಡಿತರೂ ಇರುವ ಮಠವೊಂದು ತನ್ನ ಆಚರಣೆಗೆ ಆಧಾರ ತೋರಿಸಬಲ್ಲದು. ಹದಿಹರೆಯದ ಹುಡುಗಿ ತನ್ನ ಶ್ರದ್ಧೆಯನ್ನು ಕುರಾನಿನ ವಚನಗಳಿಂದ ಸಾಬೀತುಪಡಿಸಬೇಕೆಂದರೆ, ಸಂಸ್ಥೆಯ ಹಕ್ಕಿಗಾಗಿ ರೂಪುಗೊಂಡ ಪರೀಕ್ಷೆಯನ್ನು ವ್ಯಕ್ತಿಯ ಅಂತಃಸಾಕ್ಷಿಗೆ ಒಡ್ಡಿದಂತಾಗುತ್ತದೆ. 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದಾಗ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು, ಅತ್ಯಗತ್ಯ ಆಚರಣೆಯ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ ಎಂದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅವರು ಮೇಲ್ಮನವಿಗಳನ್ನು ವಜಾಗೊಳಿಸಿದರು.

ಶೀರೂರು ಮತ್ತು ಹಿಜಾಬ್ ತೀರ್ಪುಗಳ ನಡುವೆ, 1961ರಲ್ಲಿ, ಅಜ್ಮೀರ್ ದರ್ಗಾ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಪೀಠ ಮೂಢನಂಬಿಕೆಯಿಂದ ಹುಟ್ಟಿದ ಆಚರಣೆಗಳಿಗೆ ರಕ್ಷಣೆಯಿಲ್ಲವೆಂದು ಹೇಳಿ, ಯಾವುದು ಅತ್ಯಗತ್ಯ ಎಂಬ ಆಯ್ಕೆಯನ್ನು ಬಹುಮಟ್ಟಿಗೆ ನ್ಯಾಯಾಲಯದ ಕೈಗೇ ತಂದುಕೊಂಡಿತ್ತು. ಶೀರೂರಿನ ಏಳು ಮಂದಿಯ ಮಾತಿಗೂ ಅಜ್ಮೀರಿನ ಐವರ ಮಾತಿಗೂ ಹೊಂದಿಕೆಯಾಗದಂತೆ ಕಾಣುವುದನ್ನು 2019ರ ನವೆಂಬರ್ 14ರಂದು ಶಬರಿಮಲೆ ಮರುಪರಿಶೀಲನಾ ಅರ್ಜಿಗಳ ಸಂದರ್ಭದಲ್ಲಿ ಸುಪ್ರೀಂ ಕೋರ್ಟ್ ಗುರುತಿಸಿ ವಿಸ್ತೃತ ಪೀಠಕ್ಕೆ ಒಪ್ಪಿಸಿತು. ಏಳು ಮಂದಿಯ ತೀರ್ಪನ್ನು ಪುನರ್ವಿಮರ್ಶಿಸಲು ಅದಕ್ಕಿಂತ ದೊಡ್ಡ ಪೀಠವೇ ಬೇಕಾದುದರಿಂದ, ಅದಕ್ಕಾಗಿ ರಚನೆಯಾದದ್ದು ಒಂಬತ್ತು ನ್ಯಾಯಮೂರ್ತಿಗಳ ಪೀಠ.